ಸೊನ್ನೆಯಿಂದ ನೂರಕ್ಕೆ: ವೇಗೋತ್ಕರ್ಷದ ಅಳತೆ ಮತ್ತು ತುಲನೆ

ಲೋಕವ್ಯವಹಾರದಲ್ಲಿ ನಾವು ‘ವೇಗ’ ಎಂಬ ಒಂದೇ ಮಾತಿನಿಂದ ಎರಡು ಬೇರೆ ಬೇರೆ ಗುಣಗಳನ್ನು ಹೇಳುವುದುಂಟು. ‘ಆ ಕಾರು ಬಹಳ ವೇಗದ್ದು’ ಎಂದಾಗ ಅದು ಗಂಟೆಗೆ ಇನ್ನೂರು ಕಿಲೋಮೀಟರು ಓಡಬಲ್ಲುದೆಂಬ ಅರ್ಥವಾಗಬಹುದು. ನಿಂತ ಎಡೆಯಿಂದ ಥಟ್ಟನೆ ಚಿಮ್ಮಬಲ್ಲುದೆಂಬ ಅರ್ಥವೂ ಆಗಬಹುದು. ಶಾಸ್ತ್ರವು ಈ ಎರಡನ್ನೂ ಬೇರ್ಪಡಿಸುತ್ತದೆ. ಮೊದಲನೆಯದು ವೇಗ, ಎರಡನೆಯದು ವೇಗೋತ್ಕರ್ಷ. ವೇಗ ಮತ್ತು ಉತ್ಕರ್ಷ ಎಂಬೆರಡು ಪದಗಳು ಗುಣಸಂಧಿಯಿಂದ ಕೂಡಿ ಈ ಮಾತಾಗಿದೆ. ‘ಉತ್’ ಎಂಬ ಉಪಸರ್ಗಕ್ಕೆ ಮೇಲಕ್ಕೆ ಎಂದೂ ‘ಕೃಷ್’ ಎಂಬ ಧಾತುವಿಗೆ ಎಳೆಯುವುದು ಎಂದೂ ಅರ್ಥ. ವೇಗವು ಕ್ಷಣಕ್ಷಣಕ್ಕೂ ಮೇಲಕ್ಕೆ ಸೆಳೆಯಲ್ಪಡುವುದೇ ವೇಗೋತ್ಕರ್ಷ. ಒಂದು ಸೆಕೆಂಡಿನಲ್ಲಿ ವೇಗವು ಎಷ್ಟು ಏರಿತೆಂಬುದೇ ಅದರ ಮಾನ. ಮೇಲಿನಿಂದ ಬಿಟ್ಟ ಕಲ್ಲಿನ ವೇಗವು ಗಾಳಿಯ ತಡೆಯನ್ನು ಲೆಕ್ಕಿಸದಿದ್ದರೆ ಪ್ರತಿ ಸೆಕೆಂಡಿಗೂ ೯.೮ ಮೀಟರಿನಷ್ಟು ಹೆಚ್ಚುತ್ತದೆಂಬುದನ್ನು ವಿದ್ಯಾರ್ಥಿಗಳು ಭೌತಶಾಸ್ತ್ರದಲ್ಲಿ ಓದಿರುವರಷ್ಟೆ. ಈ ಒಂದು ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವೆಲ್ಲ ಸುಗಮವಾಗುವುದು.

ಸ್ಪೋರ್ಟ್ಸ್ ಕಾರುಗಳ ಜಾಹೀರಾತುಗಳಲ್ಲಿ ‘ಸೊನ್ನೆಯಿಂದ ನೂರು ಕಿಲೋಮೀಟರಿಗೆ ಮೂರೇ ಸೆಕೆಂಡು’ ಎಂಬಂಥ ವಾಕ್ಯವು ಎದ್ದು ಕಾಣುತ್ತದೆ. ಓದಿದ ತರುಣರು ಅದನ್ನೇ ಹಿಡಿದು ಈ ಕಾರು ಮೇಲು, ಆ ಕಾರು ಕೀಳು ಎಂದು ವಾದಿಸುತ್ತಾರೆ. ಆದರೆ ಆ ಮೂರು ಸೆಕೆಂಡನ್ನು ಯಾರು ಅಳೆದರು, ಯಾವ ಉಪಕರಣದಿಂದ ಅಳೆದರು, ಗಡಿಯಾರವನ್ನು ಯಾವ ಕ್ಷಣದಲ್ಲಿ ಆರಂಭಿಸಿದರು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಸಂಖ್ಯೆಯೆಂಬುದು ಸತ್ಯದ ವೇಷದಲ್ಲಿ ಬರುವುದರಿಂದ ನಾವು ಅದನ್ನು ಬೇಗನೆ ನಂಬುತ್ತೇವೆ. ಆ ವೇಷದ ಒಳಗೇನಿದೆಯೆಂದು ನೋಡುವುದೇ ಈ ಲೇಖನದ ಉದ್ದೇಶ.

ಎರಡು ಮಾನಗಳು

ಅಮೆರಿಕಾ ಮತ್ತು ಬ್ರಿಟನ್ನುಗಳಲ್ಲಿ ಸೊನ್ನೆಯಿಂದ ಗಂಟೆಗೆ ೬೦ ಮೈಲಿಯವರೆಗಿನ ಕಾಲವನ್ನು ಹೇಳುವ ರೂಢಿಯಿದೆ. ೧೯೪೬ರಿಂದ ‘ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್’ ಎಂಬ ಅಮೆರಿಕನ್ ಪತ್ರಿಕೆಯಲ್ಲಿ ಕಾರುಗಳ ವಿಮರ್ಶೆ ಬರೆಯತೊಡಗಿದ ಟಾಮ್ ಮೆಕಾಹಿಲ್ ಎಂಬುವರು ಈ ಮಾನವನ್ನು ರೂಢಿಗೆ ತಂದರೆಂದು ಪ್ರತೀತಿ. ಮೆಟ್ರಿಕ್ ಪದ್ಧತಿಯ ದೇಶಗಳಲ್ಲಿ ಗುರಿಯು ಗಂಟೆಗೆ ೧೦೦ ಕಿಲೋಮೀಟರು. ಈ ಎರಡನ್ನೂ ಒಂದೆಂದು ಭಾವಿಸುವವರುಂಟು. ಆದರೆ ೬೦ ಮೈಲಿಯೆಂದರೆ ೯೬.೫೬ ಕಿಲೋಮೀಟರು ಮಾತ್ರ. ಸೆಕೆಂಡಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ೨೬.೮೨ ಮೀಟರು, ಇನ್ನೊಂದು ೨೭.೭೮ ಮೀಟರು. ಅಂತರವು ಒಂದು ಮೀಟರಿಗೂ ಕಡಿಮೆ. ಆದರೂ ಆ ಹಂತದಲ್ಲಿ ಕಾರಿನ ವೇಗವು ಸೆಕೆಂಡಿಗೆ ೪ ಮೀಟರಿನಂತೆ ಏರುತ್ತಿದ್ದರೆ, ಆ ಅಂತರವನ್ನು ತುಂಬಲು ಸುಮಾರು ಕಾಲು ಸೆಕೆಂಡು ಬೇಕು. ಆ ನಡುವೆ ಗೇರು ಬದಲಿಸಬೇಕಾಗಿ ಬಂದರೆ ಅಂತರವು ಮತ್ತಷ್ಟು ಬೆಳೆಯುವುದು. ಆದುದರಿಂದ ಒಂದು ಕಾರಿನ ಮೈಲಿಯ ಲೆಕ್ಕವನ್ನು ಮತ್ತೊಂದರ ಕಿಲೋಮೀಟರಿನ ಲೆಕ್ಕದೊಡನೆ ತೂಗಿ ನೋಡುವುದು ಸೇರಿನ ಅಳತೆಯನ್ನು ಲೀಟರಿನ ಅಳತೆಯೊಡನೆ ಹೋಲಿಸಿದಂತೆಯೇ ಸರಿ.

ಅಳೆಯುವ ಉಪಕರಣಗಳು

ಚಾಲಕನ ಎದುರಿನ ವೇಗಸೂಚಕವನ್ನು ನೋಡುತ್ತ ಸ್ಟಾಪ್‌ವಾಚು ಒತ್ತಿದರೆ ಸಾಲದೇ ಎಂದು ಕೇಳಬಹುದು. ಸಾಲದು. ವೇಗಸೂಚಕವು ನಿಜವಾದ ವೇಗಕ್ಕಿಂತ ಎಂದೂ ಕಡಿಮೆ ತೋರಿಸಕೂಡದೆಂಬುದು ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ ವಿಧಿ. ಹೆಚ್ಚು ತೋರಿಸಲು ಮಾತ್ರ ಅವಕಾಶವುಂಟು. ಆ ಅವಕಾಶವು ನಿಜವಾದ ವೇಗದ ಹತ್ತನೆಯ ಒಂದು ಪಾಲು ಮತ್ತು ಅದರ ಮೇಲೆ ೪ ಕಿಲೋಮೀಟರು. ಲೆಕ್ಕ ಹಾಕಿ ನೋಡಿದರೆ, ಸೂಜಿಯು ನೂರನ್ನು ಮುಟ್ಟಿದಾಗ ಕಾರು ೮೭ ಕಿಲೋಮೀಟರಿನ ವೇಗದಲ್ಲಿದ್ದರೂ ಅದು ನಿಯಮಕ್ಕೆ ಒಳಪಟ್ಟದ್ದೇ. ಚಾಲಕನ ಸುರಕ್ಷತೆಗೆ ಇದು ಹಿತವಾದ ಸುಳ್ಳು. ಅಳತೆಗೆ ಮಾತ್ರ ಅಹಿತ. ಇದಲ್ಲದೆ ಕಣ್ಣು ಕಂಡದ್ದನ್ನು ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಪಾಲಾದರೂ ಕಳೆದುಹೋಗುತ್ತದೆ.

ಈ ದೋಷವನ್ನು ನೀಗಲು ಹಿಂದಿನ ಪರೀಕ್ಷಕರು ‘ಐದನೆಯ ಚಕ್ರ’ ಎಂಬ ಸಾಧನವನ್ನು ಬಳಸುತ್ತಿದ್ದರು. ಸೈಕಲ್ಲಿನ ಗಾಲಿಯಂತಹ ಒಂದು ಹಗುರವಾದ ಚಕ್ರವನ್ನು ಕಾರಿನ ಹಿಂಬದಿಗೆ ಕಟ್ಟಿ ನೆಲದ ಮೇಲೆ ಉರುಳಿಸುವರು. ಎಂಜಿನ್ನಿನ ಬಲವು ಆ ಚಕ್ರಕ್ಕೆ ತಾಗದಿರುವುದರಿಂದ ಅದು ಜಾರದು. ಅದರ ಸುತ್ತುಗಳ ಎಣಿಕೆಯಿಂದ ನಿಜವಾದ ವೇಗವೂ ದೂರವೂ ತಿಳಿಯುವುವು. ಕಾರಿನದೇ ಚಕ್ರವನ್ನು ನಂಬುವಂತಿಲ್ಲ, ಏಕೆಂದರೆ ಹೊರಡುವಾಗ ಅದು ನೆಲದ ಮೇಲೆ ಜಾರಿ ಬರಿದೆ ತಿರುಗಬಹುದು. ತರುವಾಯ ಬೆಳಕಿನಿಂದ ನೆಲವನ್ನು ಓದುವ ಸಾಧನಗಳು ಬಂದುವು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಉಪಗ್ರಹಗಳನ್ನು ಆಶ್ರಯಿಸಿದ ಜಿ.ಪಿ.ಎಸ್. ಉಪಕರಣ. ಬ್ರಿಟನ್ನಿನ ರೇಸ್‌ಲಾಜಿಕ್ ಸಂಸ್ಥೆಯ ‘ವಿಬಾಕ್ಸ್’ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ದೂರಕ್ಕೆ ಹೋಗುವ ರೈಲಿನ ಶಿಳ್ಳೆಯ ಸ್ವರವು ಇಳಿಯುವಂತೆ ಉಪಗ್ರಹದಿಂದ ಬರುವ ರೇಡಿಯೋ ಅಲೆಗಳ ಆವರ್ತನವೂ ಚಲನೆಯಿಂದ ಬದಲಾಗುತ್ತದೆ. ಆ ಬದಲಾವಣೆಯಿಂದ ಕಾರಿನ ವೇಗವನ್ನು ಕಂಡುಹಿಡಿಯುವರು. ಒಳ್ಳೆಯ ಉಪಕರಣವು ಒಂದು ಸೆಕೆಂಡಿನಲ್ಲಿ ನೂರು ಸಲ ವೇಗವನ್ನು ದಾಖಲಿಸಬಲ್ಲುದು.

ಗಡಿಯಾರ ಆರಂಭವಾಗುವುದೆಂದು?

ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯವು ಇಲ್ಲಿದೆ. ಕಾರು ಅಲುಗಿದ ಮೊದಲ ಕ್ಷಣದಲ್ಲಿಯೇ ಗಡಿಯಾರವು ಆರಂಭವಾಗತಕ್ಕದ್ದೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಯೂರೋಪಿನ ಪರೀಕ್ಷಕರ ವಾಡಿಕೆಯು ಬಹುಮಟ್ಟಿಗೆ ಹಾಗೆಯೇ ಇದೆ. ಅಮೆರಿಕನ್ ಪತ್ರಿಕೆಗಳ ವಾಡಿಕೆ ಬೇರೆ. ಆ ದೇಶದಲ್ಲಿ ಕಾಲು ಮೈಲಿಯ, ಎಂದರೆ ಸುಮಾರು ೪೦೨ ಮೀಟರಿನ, ನೇರ ಪಥದಲ್ಲಿ ‘ಡ್ರ್ಯಾಗ್’ ಪಂದ್ಯಗಳು ನಡೆಯುತ್ತವೆ. ೧೯೫೧ರಲ್ಲಿ ವಾಲಿ ಪಾರ್ಕ್ಸ್ ಎಂಬುವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಈ ಪಂದ್ಯಗಳಿಗೊಂದು ಕ್ರಮವನ್ನು ತಂದರು. ಆ ಪಥದ ಆರಂಭದಲ್ಲಿ ನೆಲಕ್ಕೆ ಸಮೀಪವಾಗಿ ಅಡ್ಡಲಾಗಿ ಒಂದು ಬೆಳಕಿನ ಕಿರಣವಿರುತ್ತದೆ. ಮುಂದಿನ ಚಕ್ರವು ಆ ಕಿರಣವನ್ನು ತಡೆದು ನಿಂತಿರುವುದು. ಚಕ್ರವು ಪೂರ್ತಿಯಾಗಿ ಸರಿದು ಕಿರಣವು ಆಚೆಗೆ ಮುಟ್ಟಿದಾಗ ಮಾತ್ರ ಗಡಿಯಾರವು ಓಡತೊಡಗುತ್ತದೆ. ಅಷ್ಟರಲ್ಲಿ ಕಾರು ಸುಮಾರು ಒಂದು ಅಡಿ ಮುಂದಕ್ಕೆ ಉರುಳಿರುತ್ತದೆ. ಇದಕ್ಕೆ ‘ರೋಲ್‌ಔಟ್’ ಎಂದು ಹೆಸರು. ಪಂದ್ಯದ ಪಥದಲ್ಲಿ ಅನಿವಾರ್ಯವಾಗಿದ್ದ ಈ ಒಂದಡಿಯನ್ನು ಉಪಗ್ರಹದ ಉಪಕರಣ ಬಂದ ಮೇಲೆಯೂ ಅಮೆರಿಕನ್ ಪರೀಕ್ಷಕರು ಲೆಕ್ಕದಿಂದ ಕಳೆಯುತ್ತ ಬಂದರು.

ಒಂದಡಿ ಎಷ್ಟರ ಮಾತು ಎನ್ನಬಹುದು. ಲೆಕ್ಕವನ್ನೇ ನೋಡೋಣ. ಒಂದಡಿಯೆಂದರೆ ೦.೩೦೪೮ ಮೀಟರು. ಕಾರು ಗುರುತ್ವಕ್ಕೆ ಸಮನಾದ ೯.೮ರ ವೇಗೋತ್ಕರ್ಷದಿಂದ ಹೊರಟಿತೆನ್ನಿ. ನಿಶ್ಚಲ ಸ್ಥಿತಿಯಿಂದ ಹೊರಟ ವಸ್ತುವು ಕ್ರಮಿಸುವ ದೂರವು ವೇಗೋತ್ಕರ್ಷ ಮತ್ತು ಕಾಲದ ವರ್ಗ ಇವುಗಳ ಗುಣಲಬ್ಧದ ಅರ್ಧಕ್ಕೆ ಸಮವಷ್ಟೆ. ಇದರಂತೆ ಆ ಒಂದಡಿಗೆ ತಗಲುವ ಕಾಲವು ೦.೨೫ ಸೆಕೆಂಡು. ಆ ವೇಳೆಗೆ ಕಾರಿನ ವೇಗವು ಆಗಲೇ ಗಂಟೆಗೆ ಸುಮಾರು ೮.೮ ಕಿಲೋಮೀಟರು ಆಗಿರುತ್ತದೆ. ಎಂದರೆ ‘ಸೊನ್ನೆಯಿಂದ’ ಎಂಬ ಮಾತು ಅಲ್ಲಿ ಸತ್ಯವಲ್ಲ. ಒಂಬತ್ತರ ಸಮೀಪದಿಂದ ಎನ್ನುವುದೇ ಸರಿ. ಮೂರು ಸೆಕೆಂಡಿನ ಕಾರಿಗೆ ಕಾಲು ಸೆಕೆಂಡೆಂದರೆ ಹನ್ನೆರಡನೆಯ ಒಂದು ಪಾಲು. ೧೯೯೪ರಲ್ಲಿ ಬ್ರಿಟನ್ನಿನ ‘ಆಟೋಕಾರ್’ ಪತ್ರಿಕೆಯು ಮೆಕ್‌ಲಾರನ್ ಎಫ್೧ ಕಾರನ್ನು ಪರೀಕ್ಷಿಸಿ ೬೦ ಮೈಲಿಗೆ ೩.೨ ಸೆಕೆಂಡು ಎಂದು ಪ್ರಕಟಿಸಿತು. ಅದರಿಂದ ಕಾಲು ಸೆಕೆಂಡನ್ನು ಕಳೆದರೆ, ಅದೇ ಕಾರು ಅದೇ ಓಟದಲ್ಲಿ ಮೂರು ಸೆಕೆಂಡಿನ ಒಳಗೆ ಬಂದಂತೆ ತೋರುವುದು! ಕಾರು ಬದಲಾಗಲಿಲ್ಲ, ಎಣಿಕೆ ಬದಲಾಯಿತು.

ನೆಲ, ಗಾಳಿ ಮತ್ತು ಭಾರ

ಟೈರು ನೆಲವನ್ನು ಹಿಡಿಯುವಷ್ಟೇ ಕಾರು ಚಿಮ್ಮಬಲ್ಲುದು. ಘರ್ಷಣಾಂಕವು ಒಂದು ಎಂದು ಹಿಡಿದರೆ, ನಾಲ್ಕು ಚಕ್ರಗಳಿಗೂ ಬಲವು ಹರಿಯುವ ಕಾರಿನ ವೇಗೋತ್ಕರ್ಷವು ೯.೮ನ್ನು ಮೀರಲಾರದು. ೨೭.೭೮ನ್ನು ೯.೮ರಿಂದ ಭಾಗಿಸಿದರೆ ೨.೮೩ ಸೆಕೆಂಡು ಬರುತ್ತದೆ. ಎಂಜಿನ್ನಿನ ಬಲವನ್ನು ಇಮ್ಮಡಿಸಿದರೂ ಅಂತಹ ನೆಲದಲ್ಲಿ ಇದಕ್ಕಿಂತ ಬೇಗ ನೂರನ್ನು ಮುಟ್ಟಲಾಗದು. ಹೆಚ್ಚಿನ ಬಲವು ಟೈರನ್ನು ಸವೆಸುವುದಕ್ಕೆ ಮಾತ್ರ ಸಾರ್ಥಕ. ಇದನ್ನು ಮೀರಬೇಕಾದರೆ ಹಿಡಿತವನ್ನೇ ಹೆಚ್ಚಿಸಬೇಕು. ಡ್ರ್ಯಾಗ್ ಪಥಗಳಿಗೆ ಅಂಟಿನ ದ್ರವವನ್ನು ಬಳಿಯುವುದು ಈ ಕಾರಣದಿಂದಲೇ. ೨೦೨೧ರಲ್ಲಿ ಟೆಸ್ಲಾ ಸಂಸ್ಥೆಯು ತನ್ನ ‘ಮಾಡೆಲ್ ಎಸ್ ಪ್ಲ್ಯಾಡ್’ ಎಂಬ ವಿದ್ಯುತ್ ಕಾರಿಗೆ ೬೦ ಮೈಲಿಗೆ ೧.೯೯ ಸೆಕೆಂಡು ಎಂದು ಸಾರಿತು. ಮೊದಲ ಅಡಿಯನ್ನು ಕಳೆದಿದೆಯೆಂದು ಸಣ್ಣ ಅಕ್ಷರದಲ್ಲಿ ಟಿಪ್ಪಣಿಯೂ ಇತ್ತು. ‘ಮೋಟರ್ ಟ್ರೆಂಡ್’ ಪತ್ರಿಕೆಯು ಅದನ್ನು ಅಂಟು ಬಳಿದ ಪಥದಲ್ಲಿ ಪರೀಕ್ಷಿಸಿದಾಗ ೧.೯೮ ಸೆಕೆಂಡು ಬಂದಿತು. ಸಾಮಾನ್ಯವಾದ ಡಾಂಬರಿನ ಮೇಲೆ ೨.೦೭ ಆಯಿತು. ಎರಡೂ ಸತ್ಯವೇ, ಆದರೆ ಎರಡೂ ಒಂದೇ ಸತ್ಯವಲ್ಲ.

ಪಥದ ಇಳಿಜಾರೂ ಲೆಕ್ಕಕ್ಕೆ ಬರುತ್ತದೆ. ನೂರು ಮೀಟರಿಗೆ ಒಂದು ಮೀಟರು ಇಳಿಯುವ ನೆಲವು ಕಣ್ಣಿಗೆ ಸಮತಟ್ಟಾಗಿಯೇ ಕಾಣಬಹುದು. ಸಮನೆಲದಲ್ಲಿ ೫.೫೬ ಸೆಕೆಂಡು ತೆಗೆದುಕೊಳ್ಳುವ ಕಾರು ಅಲ್ಲಿ ಇಳಿಮುಖವಾಗಿ ೫.೪೫, ಏರುಮುಖವಾಗಿ ೫.೬೭ ಸೆಕೆಂಡು ತೆಗೆದುಕೊಳ್ಳುವುದು. ಹಿಂದಿನಿಂದ ಬೀಸುವ ಗಾಳಿಯೂ ಹೀಗೆಯೇ ಸಹಾಯ ಮಾಡುವುದು. ಆದುದರಿಂದ ನ್ಯಾಯವಂತರಾದ ಪರೀಕ್ಷಕರು ಎರಡು ದಿಕ್ಕುಗಳಲ್ಲಿಯೂ ಓಡಿಸಿ ಸರಾಸರಿಯನ್ನು ತೆಗೆಯುವರು.

ಎಂಜಿನ್ನು ಉಸಿರಾಡುವ ಗಾಳಿಯ ಸಾಂದ್ರತೆಯೂ ಮುಖ್ಯ. ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ವಾಯುವಿನ ಒತ್ತಡವು ಮಂಗಳೂರಿನಲ್ಲಿರುವುದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಟರ್ಬೊ ಇರುವ ಎಂಜಿನ್ನಿಗೆ ಈ ನಷ್ಟವು ಕಡಿಮೆ. ವಿದ್ಯುತ್ ಮೋಟಾರಿಗೆ ಉಸಿರೇ ಬೇಡವಾದ್ದರಿಂದ ನಷ್ಟವೇ ಇಲ್ಲ. ಭಾರದ ಮಾತೂ ಇಂತೆಯೇ. ಎಂಜಿನ್ನಿನ ಬಲವೇ ಮಿತಿಯಾಗಿರುವಾಗ, ೧೫೦೦ ಕಿಲೋಗ್ರಾಂ ತೂಗುವ ಕಾರಿಗೆ ಇಬ್ಬರು ಪ್ರಯಾಣಿಕರ ೧೫೦ ಕಿಲೋಗ್ರಾಂ ಸೇರಿದರೆ ಅದೇ ವೇಗವನ್ನು ಮುಟ್ಟಲು ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚು ಕಾಲ ಬೇಕೆಂಬುದು ನ್ಯೂಟನ್ನನ ಎರಡನೆಯ ನಿಯಮದಿಂದಲೇ ಸಿದ್ಧ.

ತುಲನೆಯ ಕ್ರಮ

ಒಂದೇ ಸಂಖ್ಯೆಯಿಂದ ಕಾರಿನ ಗುಣವೆಲ್ಲ ತಿಳಿಯದು. ಸೊನ್ನೆಯಿಂದ ನೂರರ ಕಾಲವು ಬಹುಮಟ್ಟಿಗೆ ಹೊರಡುವಾಗಿನ ಹಿಡಿತವನ್ನು ಹೇಳುತ್ತದೆ. ಕಾಲು ಮೈಲಿಯ ಕೊನೆಯಲ್ಲಿ ಕಾರು ಮುಟ್ಟಿದ ವೇಗವು ಭಾರಕ್ಕೆ ತಕ್ಕ ಎಂಜಿನ್ನಿನ ಬಲವನ್ನು ಹೇಳುತ್ತದೆ. ‘ಕಾರ್ ಅಂಡ್ ಡ್ರೈವರ್’ ಪತ್ರಿಕೆಯು ಗಂಟೆಗೆ ೫ ಮೈಲಿಯಲ್ಲಿ ಉರುಳುತ್ತಿರುವ ಕಾರು ೬೦ ಮೈಲಿಯನ್ನು ಮುಟ್ಟುವ ಕಾಲವನ್ನೂ ಬೇರೆಯಾಗಿ ಕೊಡುತ್ತದೆ. ಎಂಜಿನ್ನನ್ನು ಮೊದಲೇ ಕೆರಳಿಸಿ ಕ್ಲಚ್ಚನ್ನು ಥಟ್ಟನೆ ಬಿಡುವ ಚಮತ್ಕಾರಕ್ಕೆ ಅಲ್ಲಿ ಎಡೆಯಿಲ್ಲ. ನಿತ್ಯದ ಬಳಕೆಯಲ್ಲಿ ಕಾರು ಹೇಗೆ ನಡೆದುಕೊಳ್ಳುವುದೆಂಬುದು ಅಲ್ಲಿ ಬಯಲಾಗುತ್ತದೆ. ಟರ್ಬೊ ಇರುವ ಕೆಲವು ಕಾರುಗಳಿಗೆ ಸೊನ್ನೆಯಿಂದ ಹೊರಡುವುದಕ್ಕಿಂತ ಐದರಿಂದ ಹೊರಡುವುದಕ್ಕೇ ಹೆಚ್ಚು ಕಾಲ ಹಿಡಿಯುವುದೆಂಬುದು ವಿಚಿತ್ರವಾದರೂ ನಿಜ.

ಈ ಶಾಸ್ತ್ರವು ಧನಿಕರ ಕಾರುಗಳಿಗೆ ಮಾತ್ರ ಸಂಬಂಧಿಸಿದ್ದೆಂದು ವಿದ್ಯಾರ್ಥಿಗಳು ಭಾವಿಸಬೇಕಾಗಿಲ್ಲ. ೨೦೨೩ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಮತ್ತು ಲುಸರ್ನ್ ನಗರಗಳ ಎರಡು ಉನ್ನತ ವಿದ್ಯಾಸಂಸ್ಥೆಗಳ ವಿದ್ಯಾರ್ಥಿಗಳು ತಾವೇ ನಿರ್ಮಿಸಿದ ‘ಮಿಥೆನ್’ ಎಂಬ ವಿದ್ಯುತ್ ವಾಹನದಿಂದ ೦.೯೫೬ ಸೆಕೆಂಡಿನಲ್ಲಿ ನೂರು ಕಿಲೋಮೀಟರಿನ ವೇಗವನ್ನು ಮುಟ್ಟಿದರು. ಇದಕ್ಕೆ ಬೇಕಾದ ದೂರ ೧೨.೩ ಮೀಟರು ಮಾತ್ರ. ವಾಹನದ ತೂಕ ಸುಮಾರು ೧೪೦ ಕಿಲೋಗ್ರಾಂ. ನೆಲಕ್ಕೂ ವಾಹನಕ್ಕೂ ನಡುವಣ ಗಾಳಿಯನ್ನು ಹೀರಿ ವಾಹನವನ್ನು ನೆಲಕ್ಕೆ ಒತ್ತುವ ಪಂಖವನ್ನು ಅವರು ಅಳವಡಿಸಿದ್ದರು. ಮೇಲೆ ಹೇಳಿದ ಘರ್ಷಣೆಯ ಮಿತಿಯನ್ನು ಅವರು ದಾಟಿದ್ದು ಬರಿಯ ಬಲದಿಂದಲ್ಲ, ಆ ಮಿತಿಯ ಕಾರಣವನ್ನು ಅರಿತದ್ದರಿಂದ.

ಇನ್ನು ಮೇಲೆ ಇಂತಹ ಸಂಖ್ಯೆಯನ್ನು ಕಂಡಾಗ ಕೇಳತಕ್ಕ ಪ್ರಶ್ನೆಗಳು ಇವು: ಗುರಿಯು ಮೈಲಿಯದೋ ಕಿಲೋಮೀಟರಿನದೋ? ಮೊದಲ ಅಡಿಯನ್ನು ಕಳೆದಿದೆಯೋ ಇಲ್ಲವೋ? ನೆಲವು ಎಂತಹುದು? ಓಟವು ಒಂದು ದಿಕ್ಕಿನದೋ ಎರಡು ದಿಕ್ಕಿನದೋ? ಅಳೆದವನು ಮಾರುವವನೋ, ಮೂರನೆಯವನೋ? ಇಷ್ಟಕ್ಕೂ ಉತ್ತರ ಒಂದೇ ಆಗಿದ್ದರೆ ಮಾತ್ರ ತುಲನೆಯು ಸಾಧು. ಆಗಲೂ ಒಂದರದು ೩.೧, ಇನ್ನೊಂದರದು ೩.೨ ಎಂದಿದ್ದರೆ, ಗಾಳಿಯ ಒಂದು ಬೀಸು ಅಷ್ಟು ಅಂತರವನ್ನು ಮಾಡಬಲ್ಲುದೆಂಬುದನ್ನು ಮರೆಯಬಾರದು.

ಇವೆಲ್ಲವೂ ಮುಚ್ಚಿದ ಪರೀಕ್ಷಾಪಥದ ಮಾತೆಂಬುದನ್ನೂ ನೆನೆಯತಕ್ಕದ್ದು. ನೂರು ಕಿಲೋಮೀಟರಿನ ವೇಗದಲ್ಲಿ, ಎದುರಿಗಿರುವುದನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ತಡವಾದರೆ ಕಾರು ಅಷ್ಟರಲ್ಲಿಯೇ ೨೮ ಮೀಟರು ಸಾಗಿರುತ್ತದೆ; ಬ್ರೇಕು ಹಿಡಿದ ಮೇಲೆ ಒಳ್ಳೆಯ ಒಣ ನೆಲದಲ್ಲಿಯೂ ನಿಲ್ಲಲು ಇನ್ನೂ ಸುಮಾರು ೩೯ ಮೀಟರು ಬೇಕು. ಚಿಮ್ಮುವ ಕಾಲವನ್ನು ಹೊಗಳುವವರು ನಿಲ್ಲುವ ದೂರವನ್ನು ಹೇಳುವುದು ಅಪರೂಪ.

ಹಿಂದೆ ನಮ್ಮ ಕಣಗಳಲ್ಲಿ ಕಾಳನ್ನು ಅಳೆಯುವಾಗ ಗೋಪುರವಾಗಿ ತುಂಬಿದ ಸೇರು, ಅಂಚಿಗೆ ಸಮನಾಗಿ ಒರೆಸಿದ ಸೇರು ಎಂದು ಎರಡು ಬಗೆಯುಂಟು. ಯಾವ ಬಗೆಯೆಂದು ಮೊದಲೇ ಹೇಳಿದರೆ ಎರಡೂ ನ್ಯಾಯವೇ. ಹೇಳದೆ ಒಂದರಿಂದ ಕೊಂಡು ಇನ್ನೊಂದರಿಂದ ಮಾರುವುದು ಮೋಸ. ಸೇರಿನ ವಿಷಯದಲ್ಲಿ ಸಲ್ಲುವ ಈ ಮಾತು ಸೆಕೆಂಡಿನ ವಿಷಯದಲ್ಲಿಯೂ ಸಲ್ಲುತ್ತದೆ. ಅಳತೆಯ ಕ್ರಮವನ್ನು ಮರೆಮಾಡಿದ ಸಂಖ್ಯೆಯು ಎಷ್ಟೇ ಸೂಕ್ಷ್ಮವಾಗಿದ್ದರೂ ಜ್ಞಾನವೆನಿಸದು. ಕ್ರಮವನ್ನು ಕೇಳಿ ತಿಳಿದು ಆಮೇಲೆ ಸಂಖ್ಯೆಯನ್ನು ಒಪ್ಪುವ ಅಭ್ಯಾಸವು ವಿದ್ಯಾರ್ಥಿದೆಸೆಯಲ್ಲಿಯೇ ಬೆಳೆದರೆ, ಅದು ಕಾರಿನ ವಿಷಯದಲ್ಲಿ ಮಾತ್ರವಲ್ಲ, ಬಾಳಿನ ಎಲ್ಲ ಎಣಿಕೆಗಳಲ್ಲಿಯೂ ಅವರನ್ನು ಕಾಪಾಡುವುದೆಂಬುದರಲ್ಲಿ ಸಂದೇಹವಿಲ್ಲ.