ಹೃದಯಕ್ಕೂ ಕಸ ಗುಡಿಸುವ ಹೊತ್ತು ಬೇಕು

ಪುಟ್ಟೀ, ಹೋದ ವಾರ ನಿನ್ನ ಮನೆಯಲ್ಲಿದ್ದಾಗ ರಾತ್ರಿ ಹನ್ನೊಂದೂವರೆಗೆ ಬಾಗಿಲ ಗಂಟೆ ಹೊಡೆಯಿತು. ನೀನು ತರಿಸಿದ್ದ ಬಿರಿಯಾನಿ ಬಂದಿತ್ತು. ನಾನು ಮಾತಾಡಲಿಲ್ಲ. ದಿನವಿಡೀ ದುಡಿದು ದಣಿದವಳ ತಟ್ಟೆಯ ಮುಂದೆ ಕೂತು ಬುದ್ಧಿ ಹೇಳಬಾರದು. ಊರಿಗೆ ಬಂದ ಮೇಲೆ ಮನಸ್ಸು ತಡೆಯದೆ ಬರೆಯುತ್ತಿದ್ದೇನೆ.

ಮೂವತ್ತು ವರ್ಷ ರೋಗಶಾಸ್ತ್ರದ ಪಾಠ ಹೇಳಿದವನು ನಾನು. ಮರಣೋತ್ತರ ಪರೀಕ್ಷೆಯ ಮೇಜಿನ ಮೇಲೆ ಎಳೆಯರ ಹೃದಯವನ್ನೂ ನೋಡಿದ್ದೇನೆ, ಮುದುಕರದ್ದನ್ನೂ ನೋಡಿದ್ದೇನೆ. ಎಳೆಯ ಹೃದಯದ ಮಾಂಸ ಕೆಂಪಗಿರುತ್ತದೆ. ತೀರಾ ಹಣ್ಣಾದವರದ್ದು ಕಂದಾಗಿರುತ್ತದೆ. ಒಂದು ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕೋಶಕೇಂದ್ರದ ಅಕ್ಕಪಕ್ಕದಲ್ಲಿ ಹಳದಿಗಂದು ಕಣಗಳು ಗುಂಪುಗೂಡಿರುತ್ತವೆ. ಅದರ ಹೆಸರು ಲಿಪೊಫಸ್ಸಿನ್. ಜೀವಕೋಶ ಅರಗಿಸಲಾರದೆ ತನ್ನೊಳಗೇ ಉಳಿಸಿಕೊಂಡ ಚರಟ ಅದು.

ಬೇರೆ ಅಂಗಗಳಿಗಿಂತ ಹೃದಯಕ್ಕೆ ಈ ಚರಟ ಯಾಕೆ ಭಾರ ಗೊತ್ತೇ? ರಕ್ತದ ಕೆಂಪುಕಣ ಸುಮಾರು 120 ದಿನ ಬದುಕಿ ಹೊಸದಕ್ಕೆ ಜಾಗ ಬಿಡುತ್ತದೆ. ಹೃದಯದ ಸ್ನಾಯುಕೋಶಕ್ಕೆ ಆ ಭಾಗ್ಯವಿಲ್ಲ. 25ರ ವಯಸ್ಸಿನಲ್ಲಿ ವರ್ಷಕ್ಕೆ ನೂರರಲ್ಲಿ ಒಂದು ಹೊಸದಾದರೆ, 75ರಲ್ಲಿ ಅದರ ಅರ್ಧವೂ ಇಲ್ಲ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14ರ ಜಾಡು ಹಿಡಿದು ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಈ ಲೆಕ್ಕ ಕೊಟ್ಟರು. ನೀನು ಹುಟ್ಟುವಾಗ ತಂದ ಕೋಶಗಳಲ್ಲಿ ಹೆಚ್ಚಿನವು ಕೊನೆಯವರೆಗೂ ನಿನ್ನ ಜೊತೆಗಿರುತ್ತವೆ. ದಿನಕ್ಕೆ ಲಕ್ಷ ಸಲ ಬಡಿಯುವ ಆ ಕೋಶಗಳು ಬಾಳಬೇಕಾದರೆ ಒಳಗಿನ ಹಳೆಯ ಸಾಮಾನನ್ನು ಒಡೆದು ಹೊಸದಕ್ಕೆ ಬಳಸುತ್ತಲೇ ಇರಬೇಕು.

ಆ ಕೆಲಸಕ್ಕೆ ಆಟೋಫ್ಯಾಜಿ ಎನ್ನುತ್ತಾರೆ. ತನ್ನನ್ನು ತಾನೇ ತಿನ್ನುವುದು ಎಂದರ್ಥ. 1963ರಲ್ಲಿ ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್ ಇಟ್ಟ ಹೆಸರು. ಕೆಟ್ಟ ಮೈಟೊಕಾಂಡ್ರಿಯವನ್ನೋ ಮುದ್ದೆಗಟ್ಟಿದ ಪ್ರೋಟೀನನ್ನೋ ಒಂದು ಪೊರೆ ಸುತ್ತಿ ಚೀಲ ಮಾಡುತ್ತದೆ. ಚೀಲ ಲೈಸೊಸೋಮಿನ ಜೊತೆ ಬೆರೆಯುತ್ತದೆ, ಅಲ್ಲಿನ ಕಿಣ್ವಗಳು ಒಳಗಿರುವುದನ್ನು ಅರಗಿಸುತ್ತವೆ. ಜಪಾನಿನ ಯೋಶಿನೊರಿ ಓಸುಮಿ 43ನೇ ವಯಸ್ಸಿನಲ್ಲಿ ತನ್ನದೇ ಪುಟ್ಟ ಪ್ರಯೋಗಾಲಯ ಕಟ್ಟಿಕೊಂಡು ಇದನ್ನು ಯೀಸ್ಟಿನಲ್ಲಿ ಹುಡುಕಿದರು. ಅರಗಿಸುವ ಕಿಣ್ವ ಇಲ್ಲದ ಯೀಸ್ಟನ್ನು ಆಹಾರವಿಲ್ಲದೆ ಬಿಟ್ಟರು. ಕೆಲವೇ ಗಂಟೆಗಳಲ್ಲಿ ಅದರೊಳಗೆ ಚೀಲಗಳು ತುಂಬಿದವು. 2016ರಲ್ಲಿ ಅವರಿಗೆ ನೊಬೆಲ್ ಬಂತು. ಹಸಿದಾಗಲೇ ಕಸ ಎತ್ತುವ ಕೆಲಸ ಚುರುಕಾಯಿತು ಎಂಬುದನ್ನು ನೆನಪಿಡು.

ಆ ಕೆಲಸ ನಿಂತರೆ ಏನಾಗುತ್ತದೆ ಎಂಬುದಕ್ಕೆ ಡ್ಯಾನನ್ ಎಂಬ ಅಪರೂಪದ ಕಾಯಿಲೆಯೇ ಸಾಕ್ಷಿ. ಲೈಸೊಸೋಮಿನ ಒಂದು ಪ್ರೋಟೀನು ಹುಟ್ಟಿನಿಂದಲೇ ಇಲ್ಲದ ಹುಡುಗರಲ್ಲಿ ಅರಗದ ಚೀಲಗಳು ಹೃದಯದ ಕೋಶಗಳಲ್ಲಿ ರಾಶಿಬಿದ್ದು, ಹದಿಹರೆಯದಲ್ಲೇ ಹೃದಯ ಸೋಲತೊಡಗುತ್ತದೆ.

ರಕ್ತನಾಳದಲ್ಲೂ ಇದೇ ಕಥೆ. ಗೋಡೆಗೆ ಸೇರಿದ ಕೊಬ್ಬನ್ನು ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ನುಂಗುತ್ತವೆ. ನುಂಗಿದ್ದನ್ನು ಒಡೆದು ಹೊರಗೆ ಸಾಗಿಸಿದರೆ ಸರಿ. ಆಗದಿದ್ದರೆ ಕೊಬ್ಬಿನಿಂದ ಉಬ್ಬಿ ಅಲ್ಲೇ ಸಾಯುತ್ತವೆ, ಗೋಡೆಯೊಳಗೆ ಗಡ್ಡೆ ಬೆಳೆಯುತ್ತದೆ. ನಮ್ಮವರಿಗೆ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ 53ರ ಆಸುಪಾಸಿನಲ್ಲಿ ಆಗಿತ್ತು; ಉಳಿದವರಿಗೆ 59ರ ಹತ್ತಿರ.

ಉಂಡಾಗ ಏರುವ ಇನ್ಸುಲಿನ್ ಈ ಶುಚಿಕಾರ್ಯವನ್ನು ತಡೆಹಿಡಿಯುತ್ತದೆ. ಇಡೀ ದಿನ ಬಾಯಾಡಿಸಿ ಮಧ್ಯರಾತ್ರಿಗೆ ಮತ್ತೆ ಉಂಡು ಮಲಗಿದರೆ ಗುಡಿಸಲು ಹೊತ್ತೆಲ್ಲಿ ಉಳಿಯಿತು? ನಿನ್ನ ಅಜ್ಜಿ ಏಕಾದಶಿ ಮಾಡುತ್ತಿದ್ದಳು. ಹಿರಿಯರಿಗೆ ಆಟೋಫ್ಯಾಜಿ ಗೊತ್ತಿತ್ತು ಎಂದು ನಾನು ಹೇಳುವುದಿಲ್ಲ, ಅವರಿಗೆ ಗೊತ್ತಿರಲಿಲ್ಲ. ಆದರೆ ಹೊಟ್ಟೆಗೆ ಬಿಡುವು ಕೊಡುವ ರೂಢಿ ಮನೆಯಲ್ಲಿತ್ತು, ಕತ್ತಲಾದ ಸ್ವಲ್ಪ ಹೊತ್ತಿಗೆ ಒಲೆಯೂ ಆರುತ್ತಿತ್ತು.

ಹಾಗೆಂದು ಮೊಬೈಲ್ ನೋಡಿ ಮೂರು ದಿನ ನೀರು ಕುಡಿದು ಕೂರಬೇಡ. ಈ ವಿಷಯದ ಹೆಚ್ಚಿನ ಪ್ರಯೋಗಗಳು ನಡೆದಿರುವುದು ಇಲಿಗಳ ಮೇಲೆ. ಆಟೋಫ್ಯಾಜಿ ಹೆಚ್ಚಿಸುತ್ತದೆಂದು ಮಾರುವ ಮಾತ್ರೆಗಳಿಗೂ ದುಡ್ಡು ಸುರಿಯಬೇಡ. ನಿನ್ನ ಅಪ್ಪ ಶುಗರ್ ಮಾತ್ರೆ ತೆಗೆದುಕೊಳ್ಳುವವನು. ವೈದ್ಯರನ್ನು ಕೇಳದೆ ಅವನು ಒಂದು ಹೊತ್ತೂ ಉಪವಾಸ ಇರಕೂಡದು, ಸಕ್ಕರೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಕಸ ಗುಡಿಸಲು ಉಪವಾಸವೊಂದೇ ದಾರಿಯಲ್ಲ; ಓಡಿಸಿದ ಇಲಿಗಳ ಹೃದಯದಲ್ಲೂ ಈ ಕೆಲಸ ಚುರುಕಾದದ್ದನ್ನು 2012ರಲ್ಲಿ ತೋರಿಸಿದ್ದಾರೆ. ನಡಿಗೆಗಂತೂ ದುಡ್ಡೂ ಬೇಡ, ಚೀಟಿಯೂ ಬೇಡ. ಬಿಪಿ ಒಮ್ಮೆ ನೋಡಿಸಿಕೋ. ಆಫೀಸಿನ ಹೊರಗೆ ಸಿಗರೇಟು ಸೇದುವವರ ಜೊತೆ ನಿಲ್ಲಬೇಡ.

ರಾತ್ರಿ ಎಂಟಕ್ಕೆ ಊಟ ಮುಗಿಸಿ ಬೀದಿಯ ಕೊನೆಯವರೆಗೆ ಒಂದು ಸುತ್ತು ನಡೆದು ಬಾ, ಪುಟ್ಟೀ. ನಡೆಯುವಾಗ ನನಗೆ ಫೋನ್ ಮಾಡು. ಆ ಹೊತ್ತಿಗೆ ನಾನೂ ಜಗುಲಿಯಿಂದ ಎದ್ದು ತೋಟದ ದಾರಿ ಹಿಡಿದಿರುತ್ತೇನೆ.