ಹಳೆಯ ಗೇರ್ ಸೈಕಲ್ಲಿಗೆ ಕರೆಂಟ್ ಮೋಟಾರ್

ನಮ್ಮ ಅಕ್ಕ ಪಿಯುಸಿ ಓದಲು 6 ಕಿ.ಮೀ. ದೂರದ ಪೇಟೆಗೆ ಹೋಗುತ್ತಾಳೆ. ಸಂಜೆ ಬಸ್ಸು ತಪ್ಪಿದರೆ ಮನೆಗೆ ಬರುವಷ್ಟರಲ್ಲಿ ಕತ್ತಲು. "ಇನ್ನು ಓದಿದ್ದು ಸಾಕು" ಅಂತ ಅಜ್ಜಿ ಹಠ ಹಿಡಿದಿದ್ದಳು. ಮಾವನ ದಪ್ಪ ಟೈರಿನ ಗೇರ್ ಸೈಕಲ್ಲು ಕೊಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿತ್ತು. ಆದರೆ ಕೆರೆ ಏರಿಯ ಹತ್ತಿರದ ದಿಬ್ಬವನ್ನು ಅದರಲ್ಲಿ ತುಳಿದುಕೊಂಡು ಹತ್ತುವುದು ಬಲು ಕಷ್ಟ. ಅದಕ್ಕೇ ಮಾವ ಮೋಟಾರ್ ಹಾಕಿಸಿದರು.

ಈ ಮೋಟಾರ್ ಮುಂದಿನ ಚಕ್ರದ ನಡುವೆಯೇ ಇರುತ್ತದೆ. ನಡುವಿನ ಅಚ್ಚು ತಿರುಗುವುದಿಲ್ಲ. ಒಳಗಿನ ತಂತಿ ಸುರುಳಿಗಳಿಗೆ ಸರದಿಯಂತೆ ಕರೆಂಟ್ ಹೋಗುತ್ತದೆ, ಆಗ ಹೊರಗಿನ ಅಯಸ್ಕಾಂತಗಳ ಜೊತೆ ಚಕ್ರ ತಿರುಗುತ್ತದೆ. ನಮ್ಮದು 250 ವ್ಯಾಟ್. 746 ವ್ಯಾಟ್ ಅಂದರೆ ಒಂದು ಕುದುರೆ ಶಕ್ತಿ, ಆದ್ದರಿಂದ ಇದು ಕುದುರೆಯ ಮೂರನೇ ಒಂದು ಪಾಲು! ಬೇರೆಯವರು ಬಳಸಿದ್ದ ಮೋಟಾರ್ ಆದ್ದರಿಂದ 5000 ರೂಪಾಯಿಗೆ ಸಿಕ್ಕಿತು.

ಲಿಥಿಯಂ ಬ್ಯಾಟರಿಗೆ ದುಡ್ಡು ಸಾಲಲಿಲ್ಲ. ಕಂಪ್ಯೂಟರ್ ಯುಪಿಎಸ್‌ನಲ್ಲಿ ಇರುವಂಥ 12 ವೋಲ್ಟ್, 7 ಆಂಪಿಯರ್-ಗಂಟೆಯ ಮೂರು ಸೀಸದ ಬ್ಯಾಟರಿ ತಂದೆವು. ಒಂದರ ಧನ ತುದಿಗೆ ಇನ್ನೊಂದರ ಋಣ ತುದಿ ಸೇರಿಸಿದರೆ 36 ವೋಲ್ಟ್. 36 × 7 = 252 ವ್ಯಾಟ್-ಗಂಟೆ, ಅಂದರೆ ಮೀಟರಿನ ಕಾಲು ಯೂನಿಟ್. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ಉಳಿದದ್ದು 126. ಪೆಡಲ್ ತುಳಿಯುತ್ತಾ ಹೋದರೂ ಕಿ.ಮೀ.ಗೆ ಸುಮಾರು 10 ಬೇಕು. ಹೋಗಿ ಬರಲು 12 ಕಿ.ಮೀ. ಅಲ್ಲವೇ? ಹೆಚ್ಚೇನೂ ಉಳಿಯುವುದಿಲ್ಲ. ಹಾಗಾಗಿ ಅಕ್ಕ ಮಟ್ಟ ರಸ್ತೆಯಲ್ಲಿ ತುಳಿಯುತ್ತಾಳೆ, ದಿಬ್ಬದಲ್ಲಿ ಮಾತ್ರ ಮೋಟಾರ್ ಹಾಕುತ್ತಾಳೆ.

ಮೊದಲ ದಿನ ಒಂದು ಫಜೀತಿ ಆಯ್ತು. ದಿಬ್ಬದಲ್ಲಿ ಕಟಕ್ ಅಂತ ಸದ್ದಾಗಿ ಗಾಡಿ ನಿಂತೇ ಹೋಯ್ತು. ನೋಡಿದರೆ ಅಚ್ಚೇ ತಿರುಗಿ ವೈರು ಹುರಿಯಂತೆ ಸುತ್ತಿಕೊಂಡು ಕಿತ್ತುಹೋಗಿದೆ! ಮೋಟಾರ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅಚ್ಚನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಿಸುತ್ತದೆ, ನ್ಯೂಟನ್ನನ ಮೂರನೇ ನಿಯಮ. ಬರೀ ನಟ್ಟು ಸಾಲದು. ಸೈಕಲ್ ಶಾಪಿನ ಅಣ್ಣ ಕಬ್ಬಿಣದ ಪಟ್ಟಿಗೆ ಅಚ್ಚಿನ ಆಕಾರದ ತೂತು ಮಾಡಿ, ಅದನ್ನು ಫೋರ್ಕಿಗೆ ಬಿಗಿದುಕೊಟ್ಟರು. ಅದಕ್ಕೆ ತಗುಲಿದ್ದು 80 ರೂಪಾಯಿ ಅಷ್ಟೆ. ಮೊದಲೇ ಮಾಡಿಸಿದ್ದರೆ ವೈರು ಉಳಿಯುತ್ತಿತ್ತು.

ಬ್ಯಾಟರಿ ಡಬ್ಬಿಯೇ ಸುಮಾರು 7 ಕೆ.ಜಿ. ಇರುವುದರಿಂದ ಬ್ರೇಕ್ ರಬ್ಬರನ್ನೂ ಹೊಸದು ಹಾಕಿಸಿದೆವು.

ಈಗ ಅಕ್ಕ ಬೆಳಕಿರುವಾಗಲೇ ಮನೆ ಸೇರುತ್ತಾಳೆ. ರಾತ್ರಿ ಚಾರ್ಜಿಗೆ ಹಾಕುವ ಕೆಲಸ ನನ್ನದು. ಮರೆತರೆ ಅಜ್ಜಿಯೇ ಬೈಯುತ್ತಾಳೆ.