ಪ್ರತಿಧ್ವನಿಯಿಂದ ರೋಗದ ಅರಿವು

ಏರ್ಕಾಡಿನಂತಹ ಬೆಟ್ಟದೂರಿನಲ್ಲಿ ಎದುರಿನ ಬಂಡೆಯತ್ತ ಕೂಗಿದರೆ ಕೂಗು ಮರಳಿ ಕೇಳಿಸುವುದುಂಟು. ಇದೇ ಪ್ರತಿಧ್ವನಿ. ಇದರ ನೆರವಿನಿಂದಲೇ ವೈದ್ಯರು ಶರೀರದ ಒಳಭಾಗವನ್ನು ನೋಡುತ್ತಾರೆ.

ನಮ್ಮ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳ ಧ್ವನಿ ಮಾತ್ರ ಕೇಳಿಸುತ್ತದೆ. ಅದನ್ನು ಮೀರಿದುದು ಶ್ರವಣಾತೀತ ಧ್ವನಿ. ಗುದನಾಳದ ಪರೀಕ್ಷೆಗೆ ಸುಮಾರು ಒಂದು ಕೋಟಿ ಕಂಪನಗಳ ಧ್ವನಿಯನ್ನು ಬಳಸುವರು. ಕಂಪನ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ. ಆದರೆ ಧ್ವನಿ ಹೆಚ್ಚು ಆಳಕ್ಕೆ ಇಳಿಯದು. ಆದ್ದರಿಂದ ಬೆರಳಿನಂತಹ ಸಣ್ಣ ಸಲಾಕೆಯನ್ನೇ ಒಳಗಿಡುತ್ತಾರೆ. ಅದರ ಹರಳು ಸುತ್ತಲೂ ಧ್ವನಿಯನ್ನು ಕಳುಹಿಸಿ, ಮರಳಿದ ಪ್ರತಿಧ್ವನಿಯನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಆಗ ಪರದೆಯ ಮೇಲೆ ಉಂಗುರಗಳು ಮೂಡುತ್ತವೆ. ಒಳಸ್ನಾಯು ಕಪ್ಪಾಗಿಯೂ ಹೊರಸ್ನಾಯು ಬಿಳುಪಾಗಿಯೂ ಕಾಣುತ್ತದೆ. ಉಂಗುರ ತುಂಡಾಗಿದ್ದರೆ ಸ್ನಾಯು ಹರಿದಿದೆ ಎಂದರ್ಥ.

ಇದರಿಂದೇನು ಪ್ರಯೋಜನ? ಮಲವನ್ನು ಹಿಡಿದಿಡುವುದು ಈ ಸ್ನಾಯುಗಳೇ. ಹೆರಿಗೆಯಲ್ಲಿ ಅವು ಹರಿಯಬಹುದು. 1993ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ, ಸಹಜವಾಗಿ ಹೆತ್ತ ಚೊಚ್ಚಲ ತಾಯಂದಿರಲ್ಲಿ ನೂರಕ್ಕೆ 35 ಮಂದಿಗೆ ಇಂತಹ ಗಾಯ ಕಂಡುಬಂದಿತು. ಅವುಗಳಲ್ಲಿ ಹೆಚ್ಚಿನವು ಹೆರಿಗೆಯ ವೇಳೆ ಯಾರ ಗಮನಕ್ಕೂ ಬಂದಿರಲಿಲ್ಲ.

ಭಗಂದರ ರೋಗದಲ್ಲಿ ಕೀವಿನ ದಾರಿ ಸ್ನಾಯುವನ್ನು ಹಾದುಹೋಗುತ್ತದೆ. ಆ ದಾರಿಯನ್ನು ಹುಡುಕಲು ಏಷಣಿಯೆಂಬ ಸಲಾಕೆಯನ್ನು ಬಳಸಬೇಕೆಂದು ಸುಶ್ರುತ ಸಂಹಿತೆಯಲ್ಲಿ ಹೇಳಿದೆ. ದಾರಿ ತಿಳಿಯದೆ ಕೊಯ್ದರೆ ಸ್ನಾಯು ಕತ್ತರಿಸಿ, ರೋಗಿಗೆ ಮಲದ ಮೇಲಿನ ಹತೋಟಿ ತಪ್ಪೀತು. ಶ್ರವಣಾತೀತ ಧ್ವನಿ ಆ ದಾರಿಯನ್ನು ಮೊದಲೇ ತೋರಿಸಿಕೊಡುತ್ತದೆ.

ಹೇಳಿಕೊಳ್ಳಲು ನಾಚಿ ಎಷ್ಟೋ ಮಂದಿ ಈ ನೋವನ್ನು ಮುಚ್ಚಿಡುತ್ತಾರೆ. ಕಣ್ಣು, ಕಿವಿಗಳಂತೆ ಇದೂ ಶರೀರದ ಒಂದು ಅಂಗ. ನಮ್ಮ ಮನೆಯ ತಾಯಂದಿರಿಗೂ ಹಿರಿಯರಿಗೂ ಈ ಮಾತನ್ನು ತಿಳಿಸಿ, ಅವರು ವೈದ್ಯರ ಬಳಿಗೆ ಹೋಗುವಂತೆ ಮಾಡುವುದು ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯ.